ಸಂಗವ್ವನ ಹೆಸರು ಹೇಳಿದ ಎಸ್ತೇರ್ ಟೀಚರ್

ಎಸ್ತೇರ್ ಟೀಚರ್ ಕೈ ಬೀಸಿದರೆ ಎದುರಿನವನು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕಲಬುರಗಿಯ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ಡ್ರಿಲ್ ಟೀಚರ್, ನಾನು ಕನ್ನಡ ಟೀಚರ್. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಶಾಲೆಯ ಹುಡುಗಿಯ ಓಢಣಿ ಎಳೆದವನೊಬ್ಬ ಅವರ ಏಟಿಗೆ ಹಣ್ಣಿನ ಬಂಡಿಯ ಮೇಲೆ ಬಿದ್ದು, ಬಂಡಿಸಮೇತ ಚರಂಡಿಗೆ ಉರುಳಿದ. ಟೀಚರ್ ಮೊದಲು ಬಂಡಿಯವನ ಮೋಸಂಬಿಗಳನ್ನೆಲ್ಲ ಆರಿಸಿಕೊಟ್ಟರು. ಆಮೇಲೆ ಬಿದ್ದವನನ್ನು ಎಬ್ಬಿಸಿ ನಿಲ್ಲಿಸಿ ಇನ್ನೊಂದು ಬಾರಿಸಿದರು.

"ಮೊದಲನೇದು ಹುಡುಗಿ ಸಲುವಾಗಿ. ಇದು ಮೋಸಂಬಿ ಸಲುವಾಗಿ."

ಗಂಡಸರಿಗೂ ಮಿಗಿಲಾದ ಎತ್ತರ, ಕಾಟನ್ ಸೀರೆ, ಕಾಲಲ್ಲಿ ಕ್ಯಾನ್ವಾಸ್ ಬೂಟು. ಮದುವೆಯಾಗಿರಲಿಲ್ಲ. ಸಿಟ್ಟು ಇಳಿದ ಮೇಲೆ ತಾವೇ ನಗುತ್ತ, "ನಮ್ಮ ಮನಿತನದ ರಕ್ತಾನೇ ಹಂಗದ ಗೌರಾ" ಅನ್ನುತ್ತಿದ್ದರು. ಆ ಮಾತು ಎಷ್ಟು ನಿಜವೆಂದು ಆಗ ಅವರಿಗೂ ಗೊತ್ತಿರಲಿಲ್ಲ.

ನಿವೃತ್ತರಾದ ಮೇಲೆ ಅವರ ಚರ್ಚಿನ ಹಿರಿಯರು ಒಂದು ಕೆಲಸ ಒಪ್ಪಿಸಿದರು. ಆ ಸಭೆಗೆ ಮೊದಲು ಬಂದು ಸೇರಿದ ಮನೆತನಗಳ ಚರಿತ್ರೆಯನ್ನು ಕೇಳಿ ಕೂಡಿಸಿ, ವಾರ್ಷಿಕ ಆರಾಧನೆಯ ದಿನ ಸಭೆಯ ಮುಂದೆ ಹೇಳಬೇಕು. ಎಲ್ಲರಿಗಿಂತ ಮೊದಲು ಬಂದದ್ದು ಟೀಚರ ಮನೆತನವೇ. ಅವರ ಮುತ್ತಜ್ಜ ಯಲ್ಲಪ್ಪ ಕಮಲಾಪುರದಲ್ಲಿ ಪರರ ಹೊಲ ಉಳುತ್ತಿದ್ದಾಗ ದೇವರ ಕರೆ ಕೇಳಿ, ಹೆಂಡತಿ ಕೂಸನ್ನು ಕರೆದುಕೊಂಡು ಕಲಬುರಗಿಗೆ ನಡೆದು ಬಂದು, ದೀಕ್ಷಾಸ್ನಾನ ಪಡೆದು ಯೋಹಾನನಾದ ಎಂಬ ಕಥೆಯನ್ನು ಸಂಡೇ ಸ್ಕೂಲಿನ ಮಕ್ಕಳೂ ಒಪ್ಪಿಸುತ್ತಿದ್ದರು.

ಟೀಚರ್ ಮನೆಮನೆಗೆ ಹೋಗಿ ವಯಸ್ಸಾದವರನ್ನೆಲ್ಲ ಮಾತಾಡಿಸಿದರು. ಹಾಸಿಗೆ ಹಿಡಿದಿದ್ದ ಒಬ್ಬ ಮುದುಕಿ ಮಾತ್ರ ಆ ಕಥೆಗೆ ತಲೆ ಅಲ್ಲಾಡಿಸಿದಳಂತೆ. "ಕರೆ ಕೇಳಿ ಬಂದಿಲ್ಲವ್ವ ಅಂವ, ಓಡಿ ಬಂದಾನ. ಮೈಮ್ಯಾಲಿನ ಅಂಗಿ ತುಂಬ ರಕ್ತ ಇತ್ತಂತ. ಕಮಲಾಪುರದಾಗ ಬಾವಿ ತೋಟದವರಿಗಿ ಕೇಳು."

ಮರುದಿನವೇ ಟೀಚರ್ ನಮ್ಮ ಮನೆಗೆ ಬಂದರು. "ಗೌರಾ, ನಿನ್ನ ತವರೂರು ಕಮಲಾಪುರ ಅಲ್ಲೇನು? ನಡಿ."

"ಇದ್ದ ಕಥಿನೇ ಛಂದ ಅದಲ್ರಿ ಟೀಚರ್. ಯಾಕ ಕೆದಕ್ತೀರಿ?"

"ಛಂದ ಇದ್ರ ಸಾಕೇನ? ಖರೇನೂ ಇರಬೇಕು."

ಬಾವಿ ತೋಟ ನಾನು ಸಣ್ಣಂದಿನಿಂದ ಕಂಡದ್ದೇ. ನಾವು ಹೋದಾಗ ಕೆಂಪು ಬಾಳೆಯ ಗೊನೆ ಕಡಿದು ಒಟ್ಟುತ್ತಿದ್ದರು. ತೋಟದ ಯಜಮಾನ ಮುದುಕ ಶರಣಪ್ಪ ಬಾವಿ ಕಟ್ಟೆಯ ಮೇಲೆ ಕೂತಿದ್ದರು. ಅವರ ಮಗ ಮಲ್ಲಣ್ಣನ ಕೈಯಲ್ಲಿ ಗೊನೆ ಕಡಿಯುವ ಕೊಯ್ತಾ ಇತ್ತು. ನಾನು ಊರ ಸುದ್ದಿ ಕೇಳುತ್ತ ಮೆಲ್ಲಗೆ ವಿಷಯಕ್ಕೆ ಬರೋಣ ಎಂದುಕೊಂಡಿದ್ದೆ. ಟೀಚರ್ ಹೇಳಿಯೇಬಿಟ್ಟರು: "ಯಜಮಾನ್ರ, ಇಲ್ಲಿಂದ ಓಡಿಹೋದ ಯಲ್ಲಪ್ಪನ ಮರಿಮಗಳ್ರಿ ನಾ."

ಶರಣಪ್ಪನವರು ಕಟ್ಟೆಯಿಂದ ಇಳಿದು ಎದುರು ನಿಂತರು. "ನಮ್ಮ ಮುತ್ಯಾನ ತಮ್ಮ ಭೀಮಣ್ಣಗ ಇದೇ ಬಾವಿ ಕಟ್ಟಿ ಮ್ಯಾಲ ಕೊಡಲಿಲೇ ಕಡದಾನ ನಿಮ್ಮಂವ. ರುಂಡ ಒಂದ್ಕಡಿ, ಮುಂಡ ಒಂದ್ಕಡಿ. ಆ ಮನಿತನದಾಕಿ ನಮ್ಮ ತೋಟದಾಗ ಕಾಲಿಡ್ತಿ?"

"ಯಾಕ ಕಡದ ಅಂತ ಕೇಳ್ಲಾಕ ಬಂದೀನ್ರಿ."

ಆ 'ಯಾಕ' ಎಂಬ ಮಾತನ್ನು ಮಲ್ಲಣ್ಣನಿಗೆ ತಡೆದುಕೊಳ್ಳಲಾಗಲಿಲ್ಲ. ಪುಣ್ಯಕ್ಕೆ ಕೊಯ್ತಾ ಕೆಳಗೆ ಒಗೆದು, ಕಟ್ಟೆಗೊರಗಿಸಿದ್ದ ಬಡಿಗೆ ಎತ್ತಿದ. ತಲೆಗೆ ಬಂದ ಏಟಿಗೆ ಟೀಚರ್ ಬಲಗೈ ಅಡ್ಡ ಕೊಟ್ಟರು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಅವರು ಕೂಗಲಿಲ್ಲ. ಎಡಗೈಯಿಂದ ಅವನ ಕಪಾಳಕ್ಕೆ ಬಿಗಿದರು. ಅವನು ಗೊನೆಗಳ ರಾಶಿಯ ಮೇಲೆ ಹೋಗಿ ಬಿದ್ದ. ಆಳುಗಳು ಓಡಿಬಂದು ನಮ್ಮನ್ನು ಸುತ್ತುವರಿದರು.

ಆಗ ಒಳಗಿಂದ ಶರಣಪ್ಪನವರ ಅಕ್ಕ ನಾಗಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದರು. "ಶರಣ್ಯಾ, ಹೇಳಿದ್ರ ಪೂರಾ ಹೇಳು."

"ಅಕ್ಕಾ, ನೀ ಒಳಗ ನಡಿ."

"ಹೋಗಂಗಿಲ್ಲ." ಅವರು ಟೀಚರ ಕಡೆ ತಿರುಗಿದರು. "ನಿಮ್ಮವನ ಹೆಂಡತಿ ಹಸಿ ಬಾಣಂತಿ. ನೀರಡಿಸಿ ಈ ಬಾವಿಯಾಗ ಕೊಡ ಬಿಟ್ಳಂತ ಭೀಮಣ್ಣ ಬಾರಕೋಲಿಲೇ ಅಕಿ ಬೆನ್ನು ಸುಲದಿದ್ದ. ಅದಕ್ಕ ಕಡದಾ. ಅಂವ ಕೈಗಿ ಸಿಗಲಿಲ್ಲಂತ ನಮ್ಮವರು ಅವನ ಗುಡಸಲಕ್ಕ ಬೆಂಕಿ ಹಚ್ಚಿದ್ರು. ಒಳಗ ಅವನ ಅವ್ವ ಇದ್ಳು. ಹೊರಗಿಂದ ಚಿಲಕ ಹಾಕಿದ್ರು ತಾಯಿ. ನಮ್ಮ ಆಯಿ, ಮುತ್ಯಾನ ಹೆಂಡತಿ, ಆವಾಗ ಹೊಸ ಸೊಸಿ. ಆ ಚೀರಾಟ ಸಾಯೋತನ ಅಕಿ ಕಿವ್ಯಾಗಿತ್ತು."

ಬಡಿಗೆಗೆ ಬೀಳದ ಟೀಚರ್ ಈಗ ನೆಲದ ಮೇಲೆ ಕೂತುಬಿಟ್ಟರು. "ಆಕಿ ಹೆಸರೇನಿತ್ರಿ?"

"ಸಂಗವ್ವ."

ಆ ಹೆಸರು ಟೀಚರ ಮನೆಯಲ್ಲಿ ಯಾರೂ ಎಂದೂ ಹೇಳಿರಲಿಲ್ಲ. ಶರಣಪ್ಪನವರು ತಲೆ ಎತ್ತಲಿಲ್ಲ. ಆಳುಗಳು ತಾವಾಗಿಯೇ ದಾರಿ ಬಿಟ್ಟರು.

ಆಸ್ಪತ್ರೆಗೆ ಹೋಗುವಾಗ ನಾನು ಪೊಲೀಸರಿಗೆ ದೂರು ಕೊಡೋಣ ಅಂದೆ. "ಬ್ಯಾಡ. ಅಂವನೂ ತಿಂದಾನ, ನಾನೂ ತಿಂದೀನಿ," ಅಂದರು ಟೀಚರ್. ಆಮೇಲೆ ದಾರಿಯುದ್ದಕ್ಕೂ ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ವಾರ್ಷಿಕ ಆರಾಧನೆಗೆ ನನ್ನನ್ನೂ ಕರೆದಿದ್ದರು. ಕೊರಳಿಗೆ ತೂಗುಹಾಕಿದ ಪ್ಲಾಸ್ಟರ್ ಕೈಯೊಂದಿಗೆ ಟೀಚರ್ ಮೈಕಿನ ಮುಂದೆ ನಿಂತು, ಕೇಳಿದ್ದನ್ನೆಲ್ಲ ಕೇಳಿದ ಹಾಗೆಯೇ ಹೇಳತೊಡಗಿದರು. ಕೊಡಲಿಯ ಮಾತು ಬಂದದ್ದೇ ತಡ, ಮುಂದಿನ ಸಾಲಿನಲ್ಲಿದ್ದ ಅವರ ಅಣ್ಣ ಸ್ಯಾಮುವೆಲ್ ಎದ್ದರು.

"ನಮ್ಮ ಮುತ್ಯಾ ಖೂನಿ ಮಾಡಿದಂವ ಅಂತಿ? ಇಷ್ಟು ಮಂದಿ ಮುಂದ?"

ಕೂತಿದ್ದ ಕಬ್ಬಿಣದ ಕುರ್ಚಿಯನ್ನೇ ಎತ್ತಿ ಒಗೆದರು. ಮೈಕು ಉರುಳಿತು. ಕುರ್ಚಿಯ ಕಾಲು ಬಡಿದು ಟೀಚರ ಹಣೆ ಒಡೆಯಿತು. ಕಿರುಚಾಟ, ನೂಕಾಟ, ಯಾರೋ ಸ್ಯಾಮುವೆಲ್ ಅವರನ್ನು ಹಿಡಿದರು, ಹಿಡಿದವರಿಗೂ ಏಟು ಬಿತ್ತು. ಟೀಚರ್ ಸೆರಗಿನಿಂದ ಹಣೆ ಒತ್ತಿಕೊಂಡರು. ಡ್ರಿಲ್ ಮೈದಾನದ ಆ ದನಿಗೆ ಮೈಕು ಬೇಕಿರಲಿಲ್ಲ.

"ಅಣ್ಣಾ, ಕುಂದ್ರು! ಖೂನಿ ಮಾಡಿ ಬಂದವಗೂ ಇಲ್ಲಿ ಬಾಗಿಲಾ ತಗದ್ರು. ಇದಕ್ಕಿಂತ ದೊಡ್ಡ ಚರಿತ್ರಿ ನಾ ಎಲ್ಲಿಂದ ತರ್ಲಿ? ನಮ್ಮ ಮನಿತನ ಯೋಹಾನನಿಂದ ಸುರು ಅಲ್ಲ. ಅಲ್ಲೇ ಗುಡಸಲದಾಗ ಸುಟ್ಟುಹೋದ ಅವನ ಅವ್ವ ಸಂಗವ್ವನಿಂದ ಸುರು. ಆಕಿ ಸಲುವಾಗಿ ಎದ್ದು ನಿಂದರ್ರಿ."

ಕೆಲವರು ನಿಂತರು, ಕೆಲವರು ಕೂತೇ ಇದ್ದರು. ಸ್ಯಾಮುವೆಲ್ ಹೊರಗೆ ಹೋದರು. ಅಂದಿನಿಂದ ತಂಗಿಯ ಜೊತೆ ಮಾತು ಬಿಟ್ಟರು.

ಹೋದ ಬೇಸಿಗೆಯಲ್ಲಿ ಟೀಚರ್ ಎದೆನೋವಿನಿಂದ ತೀರಿಕೊಂಡರು. ಕಮಲಾಪುರಕ್ಕೆ ನಾನೇ ಫೋನು ಮಾಡಿಸಿದ್ದೆ. ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವ ಹೊತ್ತಿಗೆ ಮಲ್ಲಣ್ಣ ಸೋದರತ್ತೆ ನಾಗಮ್ಮನ ಕೈ ಹಿಡಿದು ನಡೆಸಿಕೊಂಡು ಬಂದ. ಟೀಚರ ಕೈ ಮುರಿದವನು ಇವನೇ ಎಂದು ಅವನನ್ನು ಬಲ್ಲ ಯಾರೋ ಪಿಸುಗುಟ್ಟಿದರು. ತಂಗಿಯ ತಲೆಯ ಕಡೆ ಕಲ್ಲಿನಂತೆ ನಿಂತಿದ್ದ ಸ್ಯಾಮುವೆಲ್ ನುಗ್ಗಿ ಅವನ ಕಾಲರ್ ಹಿಡಿದು ಮುಷ್ಟಿ ಎತ್ತಿದರು. ಮಲ್ಲಣ್ಣ ಕೈ ಎತ್ತಲಿಲ್ಲ, ಹಿಂದೆಯೂ ಸರಿಯಲಿಲ್ಲ.

"ನಮಗ ಯಾರ್ರೀ ನೀವು? ಇಲ್ಲಿ ನಿಮ್ಮದೇನದ?" ಸ್ಯಾಮುವೆಲ್ ಅವರ ದನಿ ಒಡೆದಿತ್ತು.

"ನಾವು ವೈರಿ ಮನಿಯವರಪ್ಪ," ಅಂದರು ನಾಗಮ್ಮ. "ಮಣ್ಣಿಗಿ ಬಂದೀವಿ."

ಮುಷ್ಟಿ ಇಳಿಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಸ್ಯಾಮುವೆಲ್ ಪಕ್ಕಕ್ಕೆ ಸರಿದು ಜಾಗ ಬಿಟ್ಟರು.