ಕೋರ್ಟಿನಲ್ಲಿ ಹೇಳಿದ ವಯಸ್ಸು

ಕಲ್ಕತ್ತೆಯಲ್ಲಿ ನನಗೆ ಎರಡು ವಯಸ್ಸುಗಳಿದ್ದವು. ಒಂದು ನಿಜವಾದದ್ದು, ಇನ್ನೊಂದು ಅಪ್ಪ ಬರೆಸಿದ್ದು. ಬ್ಯಾಂಕಿನವರು ಅಪ್ಪನನ್ನು ಉಡುಪಿಯಿಂದ ಅಲ್ಲಿಗೆ ವರ್ಗ ಮಾಡಿದಾಗ ನಾನು ಊರಿನ ಶಾಲೆಯಲ್ಲಿ ಒಂದನೇ ಕ್ಲಾಸು ಮುಗಿಸಿದ್ದೆ. ಈ ವಯಸ್ಸಿಗೆ ಎರಡನೇ ಕ್ಲಾಸು ಸಿಗುವುದಿಲ್ಲ, ಮತ್ತೆ ಒಂದರಲ್ಲೇ ಕೂರಬೇಕು ಎಂದರು ಕಲ್ಕತ್ತೆಯ ಶಾಲೆಯವರು. ಮಗನ ಒಂದು ವರ್ಷ ದಂಡವಾಗುತ್ತದಲ್ಲ ಎಂದು ಅಪ್ಪ ಅರ್ಜಿಯಲ್ಲಿ ನನ್ನನ್ನು ಒಂದು ವರ್ಷ ದೊಡ್ಡವನನ್ನಾಗಿ ಮಾಡಿ ಸಹಿ ಹಾಕಿದರು. ನಮ್ಮ ಕಡೆಯವರು ಇದನ್ನು ಸುಳ್ಳೆಂದು ಎಣಿಸುತ್ತಿರಲಿಲ್ಲ. ನಿಜವಾದ ಹುಟ್ಟು ಜಾತಕದಲ್ಲಿ ಇರುತ್ತಿತ್ತು, ಶಾಲೆಯದ್ದು ಶಾಲೆಗೆ.

ಎಪ್ಪತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ನಾನು ಆಗಷ್ಟೇ ಕಾಲೇಜು ಸೇರಿದ್ದೆ. ಸಿಯಾಲ್ದಾ ಸ್ಟೇಷನ್ನಿನ ಆಚೆಗಿನ ನಮ್ಮ ಪಾಡಾದಲ್ಲಿ, ಅಂದರೆ ಕೇರಿಯಲ್ಲಿ, ಗೋಡೆ ತುಂಬ ಕ್ರಾಂತಿಯ ಬರಹ. ಆಗಾಗ ಪೊಲೀಸರು ಬಂದು ಮನೆಮನೆ ಜಾಲಾಡುತ್ತಿದ್ದರು. ಹತ್ತು ವರ್ಷ ಒಟ್ಟಿಗೆ ಫುಟ್‌ಬಾಲ್ ಆಡಿದ್ದರೂ ಪಾಡಾದ ಹುಡುಗರಿಗೆ ನಾನು ಬರೀ ‘ಮದ್ರಾಸಿ’. ಅವರಲ್ಲಿ ದೊಡ್ಡವನೊಬ್ಬ ಒಂದು ಸಂಜೆ ನನ್ನನ್ನು ಕರೆದು ಬಟ್ಟೆಯ ಗಂಟೊಂದನ್ನು ಕೈಗಿಟ್ಟ. ಎರಡು ದಿನ ಇಟ್ಟುಕೋ, ಬ್ಯಾಂಕಿನ ಮದ್ರಾಸಿಯ ಮನೆಯನ್ನು ಯಾರೂ ಹುಡುಕುವುದಿಲ್ಲ ಎಂದ. ಒಳಗಿದ್ದದ್ದು ನಾಡಪಿಸ್ತೂಲು. ಹೆದರಿಕೆಯಾಯಿತು ಎಂದು ಈಗ ಬರೆದರೆ ಚೆಂದ, ಆದರೆ ಆಗಲಿಲ್ಲ. ಕೊನೆಗೂ ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡರಲ್ಲ ಎಂದು ಉಬ್ಬಿಹೋದೆ.

ಊರಿನಿಂದ ರೈಲಿನಲ್ಲಿ ತರಿಸುತ್ತಿದ್ದ ಕೆಂಪು ಕುಚ್ಚಲಕ್ಕಿಯ ಡಬ್ಬಿಯಲ್ಲಿ ಅದನ್ನು ಹುಗಿದಿಟ್ಟೆ. ಬಂಗಾಳಿ ಪೊಲೀಸನ ಕಣ್ಣು ಅದರ ಮೇಲೆ ಬೀಳಲಿಕ್ಕಿಲ್ಲ ಎಂದು ನನ್ನ ಎಣಿಕೆ. ಆದದ್ದೇ ಬೇರೆ. ಮರುದಿನ ಬೆಳಿಗ್ಗೆ ಬಂದ ಪೇದೆಗೆ ಮನೆಯಲ್ಲಿ ಕಂಡ ಒಂದೇ ವಿಚಿತ್ರ ವಸ್ತುವೆಂದರೆ ಆ ಕೆಂಪು ಅಕ್ಕಿ. ಅಮ್ಮ ಪಾಪ, “ರೈಸ್, ರೈಸ್” ಎನ್ನುತ್ತ ತಾನೇ ಮುಚ್ಚಳ ತೆಗೆದು ತೋರಿಸಿದಳು. ಅವನು ಕುತೂಹಲಕ್ಕೆ ಒಂದು ಮುಷ್ಟಿ ತೆಗೆದು ನೋಡೋಣವೆಂದು ಕೈ ಹಾಕಿದ. ಬಟ್ಟೆಯ ಗಂಟು ಸಿಕ್ಕಿತು.

“ಎಂತದಾ ಇದು?” ಎಂದರು ಅಪ್ಪ. ಆಫೀಸಿಗೆ ಹೊರಟು ನಿಂತಿದ್ದರು. ಪೇದೆ ಆಗಲೇ ನನ್ನ ತೋಳು ಹಿಡಿದಿದ್ದ.

ವಕೀಲರು ವಿಷಯವನ್ನು ಬಿಡಿಸಿ ಹೇಳಿದರು. ಹದಿನೆಂಟು ತುಂಬಿರದಿದ್ದರೆ ಮಕ್ಕಳ ಕೋರ್ಟು, ತಂದೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರೂ ಬಿಡಬಹುದು. ತುಂಬಿದ್ದರೆ ದೊಡ್ಡವರ ಜೈಲು, ವರ್ಷಗಟ್ಟಲೆ ಶಿಕ್ಷೆ. ನನಗೆ ನಿಜದಲ್ಲಿ ಹದಿನೇಳು ತುಂಬಿತ್ತು, ಕಾಲೇಜಿನ ಕಾಗದದಲ್ಲಿ ಹದಿನೆಂಟು ದಾಟಿತ್ತು. ಹಾಗಾಗಿ ಅಪ್ಪ ಕಟಕಟೆ ಹತ್ತಿ, ತಾವು ಅಂದು ಸಹಿ ಹಾಕಿದ್ದು ಸುಳ್ಳಿಗೆ ಎಂದು ಪ್ರಮಾಣ ಮಾಡಬೇಕಿತ್ತು. ಬ್ಯಾಂಕಿನವರ ಕಿವಿಗೆ ಬಿದ್ದರೆ ನಿಮಗೆ ಕಷ್ಟ, ಯೋಚಿಸಿ ಎಂದರಂತೆ ವಕೀಲರು. ಇನ್ನೊಬ್ಬರ ಸಹಿಯನ್ನು ಹತ್ತು ಸಲ ತಾಳೆ ನೋಡಿ ಪಾಸು ಮಾಡುವ ಕೆಲಸ ಅಪ್ಪನದು. ಆದರೂ ಅವರು, ಯೋಚಿಸುವುದು ಏನೂ ಇಲ್ಲ ಎಂದರಂತೆ.

ಅಷ್ಟರಲ್ಲಿ ನಾನು ಹನ್ನೊಂದು ದಿನ ಲಾಕಪ್ಪಿನಲ್ಲಿ ಕಳೆದಿದ್ದೆ. ಅಲ್ಲಿದ್ದ ದೊಡ್ಡ ಹುಡುಗರು ನನಗೆ ಬೀಡಿ ಕೊಟ್ಟರು, ಹಾಡು ಕಲಿಸಿದರು, ‘ಕಾಮ್ರೇಡ್’ ಎಂದರು. ಒಬ್ಬನೂ ಮದ್ರಾಸಿ ಎನ್ನಲಿಲ್ಲ. ಮಕ್ಕಳ ಕೋರ್ಟಿಗೆ ಹೋಗುವವರನ್ನು ಅವರು ಹಾಲು ಕುಡಿಯುವ ಪಾಪು ಎಂದು ಗೇಲಿ ಮಾಡುತ್ತಿದ್ದರು.

ಕೋರ್ಟಿನಲ್ಲಿ ಅಪ್ಪ ಜಾತಕ ಬಿಚ್ಚಿದರು. ಅದರಲ್ಲಿ ಇಸವಿಯೇ ಇರಲಿಲ್ಲ. ಜಯ ಸಂವತ್ಸರ, ಶ್ರಾವಣ ಬಹುಳ ಎಂದು ಊರಿನ ಭಟ್ಟರು ದುಂಡಗೆ ಬರೆದಿದ್ದರು. ಅಪ್ಪ ಅದನ್ನು ಓದಿ, ಅರವತ್ತು ಸಂವತ್ಸರಗಳ ಲೆಕ್ಕವನ್ನು ಬೆವರು ಒರೆಸಿಕೊಳ್ಳುತ್ತ ಇಂಗ್ಲಿಷಿನಲ್ಲಿ ವಿವರಿಸುವಾಗ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಸರ್ಕಾರಿ ವಕೀಲರು ಶಾಲೆಯ ಅರ್ಜಿಯನ್ನು ಎತ್ತಿ ಹಿಡಿದರು. ಆಗ ಸುಳ್ಳು ಹೇಳಿದಿರೋ, ಈಗ ಹೇಳುತ್ತಿದ್ದೀರೋ?

“ಆಗ,” ಎಂದರು ಅಪ್ಪ.

ಮ್ಯಾಜಿಸ್ಟ್ರೇಟರು ನನ್ನತ್ತ ತಿರುಗಿ ವಯಸ್ಸೆಷ್ಟು ಎಂದು ಕೇಳಿದರು. ನನ್ನ ಎರಡೂ ಪಕ್ಕದಲ್ಲಿ ಲಾಕಪ್ಪಿನ ಗೆಳೆಯರಿದ್ದರು. ಅವರೆದುರು ಅಪ್ಪನ ಆ ಸಂವತ್ಸರ, ಆ ಉಚ್ಚಾರಣೆ, ಆ ಬೆವರು ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತ್ತು.

“ಹದಿನೆಂಟು,” ಎಂದೆ. ಯಾರೂ ಕೇಳದಿದ್ದರೂ ಮುಂದುವರಿಸಿದೆ. “ನನ್ನನ್ನು ಬಿಡಿಸಲು ನನ್ನ ತಂದೆ ಸುಳ್ಳು ಹೇಳುತ್ತಿದ್ದಾರೆ.”

ಪಕ್ಕದವನು ಮೆಚ್ಚಿ ನನ್ನ ಬೆನ್ನಿಗೆ ಮೆಲ್ಲಗೆ ಗುದ್ದಿದ. ಅಪ್ಪ ನನ್ನನ್ನು ನೋಡಲಿಲ್ಲ. ಜಾತಕವನ್ನು ಮೊದಲಿನ ಮಡಿಕೆಗಳಲ್ಲೇ ಮಡಚಲು ನೋಡಿದರು, ಅದು ಸರಿಯಾಗಿ ಮಡಚಿಕೊಳ್ಳಲಿಲ್ಲ. ಬದುಕಿನಲ್ಲಿ ನಾನು ಮಾಡಿದ ಹಲ್ಕಾ ಕೆಲಸಗಳು ಬೇಕಾದಷ್ಟಿವೆ, ಆದರೆ ಇದರ ಹತ್ತಿರ ಬರುವಂಥದ್ದು ಇನ್ನೊಂದಿಲ್ಲ. ಪಿಸ್ತೂಲು ಇಟ್ಟುಕೊಂಡದ್ದಕ್ಕೂ ನನಗೆ ಇಷ್ಟು ನಾಚಿಕೆಯಿಲ್ಲ.

ಮ್ಯಾಜಿಸ್ಟ್ರೇಟರು ನಮ್ಮಿಬ್ಬರನ್ನೂ ನಂಬದೆ ನನ್ನನ್ನು ಆಸ್ಪತ್ರೆಗೆ ಕಳಿಸಿದರು. ಮಣಿಕಟ್ಟು, ಮೊಣಕೈ, ಸೊಂಟದ ಎಕ್ಸ್‌ರೇ ತೆಗೆದರು. ಎಲುಬುಗಳು ಇನ್ನೂ ಪೂರ್ತಿ ಕೂಡಿಲ್ಲ, ಹದಿನೆಂಟು ಆಗಿರಲಾರದು ಎಂದು ಡಾಕ್ಟರು ಬರೆದುಕೊಟ್ಟರು. ಅಪ್ಪನ ಮಾತನ್ನು ನನ್ನ ಎಲುಬುಗಳು ಎತ್ತಿಹಿಡಿದವು, ನಾನಲ್ಲ. ಬ್ಯಾಂಕಿನಿಂದ ವಿವರಣೆ ಕೇಳಿ ಪತ್ರ ಬಂತು. ಬರಬೇಕಿದ್ದ ಬಡ್ತಿ ಬರಲಿಲ್ಲ. ಇದನ್ನು ಅಮ್ಮ ಹೇಳಿದ್ದು, ಅದೂ ಎಷ್ಟೋ ಕಾಲದ ಮೇಲೆ.

ಮಕ್ಕಳ ಕೋರ್ಟು ನನ್ನನ್ನು ಬಿಟ್ಟಿತು. ಎರಡು ವರ್ಷ ಒಳ್ಳೆಯ ನಡತೆಯಲ್ಲಿ ಇರಿಸುತ್ತೇನೆಂದು ಅಪ್ಪ ಮುಚ್ಚಳಿಕೆ ಬರೆದುಕೊಡಬೇಕಿತ್ತು. ಗುಮಾಸ್ತರು ಫಾರಂ ಕೊಟ್ಟರು. ಅಪ್ಪ ನಿಂತಲ್ಲೇ ತಮ್ಮ ಹೆಸರು, ನನ್ನ ಹೆಸರು, ವಿಳಾಸ ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ತುಂಬಿದರು. ವಯಸ್ಸಿನ ಜಾಗ ಬಂದಾಗ ಪೆನ್ನು ನಿಂತಿತು. ಸಿಟ್ಟಿಲ್ಲದ ದನಿಯಲ್ಲಿ, ಆ ದಿನಗಳಲ್ಲಿ ಮೊದಲ ಸಲ ನನ್ನೊಡನೆ ಮಾತಾಡಿದರು.

“ಇದೊಂದು ನೀನೇ ಬರಿ ಮಗಾ. ನಾನು ಬರೆದ್ರೆ ನಂಬುವವರು ಇಲ್ಲ.”

ಪೆನ್ನು ನನ್ನ ಕೈಗೆ ಕೊಟ್ಟು, ನಾನು ಬರೆಯುವುದನ್ನು ನೋಡದೆ ಕಿಟಕಿಯ ಕಡೆ ತಿರುಗಿ ನಿಂತರು. ನಾನು ಹದಿನೇಳು ಎಂದು ಬರೆದೆ.