ಏಳು ಸೀಟಿನ ಗಾಡಿ, ಯಮುನೆಯ ಮರಳು

ನಮ್ಮ ಮನೆಯ ಏಳು ಸೀಟಿನ ಗಾಡಿಯನ್ನು ಉಳಿಸಿಕೊಳ್ಳುವುದಕ್ಕಾಗಿ ನಾನು ಐವತ್ತೆರಡನೆಯ ವಯಸ್ಸಿನಲ್ಲಿ, ರಸ್ತೆಯೇ ಇಲ್ಲದ ಕಡೆ ಗಾಡಿ ಓಡಿಸುವವರ ಗುಂಪೊಂದನ್ನು ಸೇರಿದೆ. ಹೇಳಿದರೆ ನಗುತ್ತೀರಿ. ನಗಿ, ಪರವಾಗಿಲ್ಲ. ದೆಹಲಿಯ ದ್ವಾರಕಾದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯವರು ಆಗಲೇ ನಕ್ಕು ಮುಗಿಸಿದ್ದಾರೆ.

ಗಾಡಿ ಕೊಂಡ ಹೊಸದರಲ್ಲಿ ಅದರ ಒಂದು ಸೀಟೂ ಖಾಲಿ ಇರುತ್ತಿರಲಿಲ್ಲ. ನಾವಿಬ್ಬರು, ಇಬ್ಬರು ಮಕ್ಕಳು, ಜೊತೆಗೆ ಊರಿನಿಂದ ಬಂದ ನೆಂಟರು ಮೂವರು. ದೆಹಲಿಯಲ್ಲಿ ಸರ್ಕಾರಿ ಕೆಲಸದಲ್ಲಿರುವ ಕನ್ನಡದವರ ಮನೆಗೆ ನೆಂಟರು ಬರುವುದೇ ತಾಜಮಹಲು ನೋಡುವುದಕ್ಕೆ. ನಮ್ಮ ಯಜಮಾನರು ಎಷ್ಟು ಸಲ ಆಗ್ರಾಕ್ಕೆ ಹೋಗಿಬಂದರೆಂದರೆ, ಅಲ್ಲಿನ ಪಾರ್ಕಿಂಗ್ ಭಯ್ಯಾ ಇವರನ್ನು ಯಾವುದೋ ಟೂರಿಸ್ಟ್ ಕಂಪನಿಯ ಡ್ರೈವರ್ ಅಂದುಕೊಂಡಿದ್ದ. ಈಗ ಮಕ್ಕಳಿಬ್ಬರೂ ಕಾಲೇಜಿಗೆ ಮೆಟ್ರೋದಲ್ಲಿ ಹೋಗುತ್ತಾರೆ. ನಮ್ಮ ಜೊತೆ ಹೊರಡಿ ಎಂದರೆ ಒಬ್ಬರಿಗೆ ಪರೀಕ್ಷೆ, ಇನ್ನೊಬ್ಬರಿಗೆ ತಲೆನೋವು.

ಯಜಮಾನರು ಮೂವತ್ತೈದು ವರ್ಷ ಕೇಂದ್ರ ಸರ್ಕಾರದ ಫೈಲುಗಳನ್ನು ನೋಡಿ ನಿವೃತ್ತರಾದವರು. ಎರಡು ವರ್ಷದ ಹಿಂದೆ ಅವರ ಕಣ್ಣಿಗೆ ಗ್ಲಾಕೋಮಾ ಎಂದು ಗೊತ್ತಾಯಿತು. ಡಾಕ್ಟರು ಡ್ರೈವಿಂಗ್ ಬಿಡಿಸಿದರು. ಅಲ್ಲಿಯವರೆಗೆ ಎಡಗಡೆ ಕೂತು ಕೋಡುಬಳೆ ಹಂಚುವುದಷ್ಟೇ ನನ್ನ ಕೆಲಸವಾಗಿತ್ತು. ಅವತ್ತಿನಿಂದ ಸ್ಟಿಯರಿಂಗ್ ನನ್ನ ಕೈಗೆ ಬಂತು. ಮೊದಮೊದಲು ಸೊಸೈಟಿಯ ಗೇಟು ದಾಟಿಸುವುದಕ್ಕೇ ಹತ್ತು ನಿಮಿಷ ಹಿಡಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಆ ಎತ್ತರದ ಸೀಟು ಒಗ್ಗಿಹೋಯಿತು. ಅಲ್ಲಿ ಕೂತರೆ ರಿಂಗ್ ರೋಡಿನ ಬಸ್ಸಿನವನೂ ನನಗೆ ದಾರಿ ಬಿಡುತ್ತಿದ್ದ. ಅಷ್ಟು ಮರ್ಯಾದೆ ನನಗೆ ನನ್ನ ಆಫೀಸಿನಲ್ಲೂ ಸಿಕ್ಕಿರಲಿಲ್ಲ.

ಇಂಥ ಹೊತ್ತಿನಲ್ಲಿ ಯಜಮಾನರು ಗಾಡಿ ಮಾರುವ ಮಾತೆತ್ತಿದರು. ದೆಹಲಿಯಲ್ಲಿ ಡೀಸೆಲ್ ಗಾಡಿಗೆ ಹತ್ತೇ ವರ್ಷ ಆಯಸ್ಸು, ನಮ್ಮದಕ್ಕೆ ಏಳು ಆಗಿದೆ, ಇಬ್ಬರಿಗೆ ಇಷ್ಟು ದೊಡ್ಡ ಗಾಡಿ ಯಾಕೆ ಎಂದು ಅವರ ವಾದ. ಪೀತಮ್‌ಪುರದ ಗಿರಾಕಿಯೊಬ್ಬನನ್ನೂ ಗೊತ್ತು ಮಾಡಿಕೊಂಡಿದ್ದರು. ಬೆಂಡೆಕಾಯಿ ತರುವುದಕ್ಕೆ ಏಳು ಸೀಟು ಬೇಡ ಎಂಬುದು ನನಗೂ ಗೊತ್ತಿತ್ತು. ಆದರೂ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ನನ್ನ ಸಹೋದ್ಯೋಗಿಯೊಬ್ಬಳ ತಮ್ಮ ಈ ಆಫ್‌ರೋಡ್ ಗುಂಪಿನಲ್ಲಿದ್ದ. ನಾನೂ ಸೇರುತ್ತೇನೆ, ಗಾಡಿಗೆ ಕೆಲಸ ಕೊಡುತ್ತೇನೆ ಎಂದೆ. ಯಜಮಾನರು ಆಫೀಸ್ ಆರ್ಡರ್ ಹೊರಡಿಸುವವರಂತೆ ಒಂದು ಷರತ್ತು ಹಾಕಿದರು. ಒಂದು ಸಲ ಹೋಗಿ ಬರುವುದು. ನಮ್ಮ ಗಾಡಿಯನ್ನು ಹಗ್ಗ ಕಟ್ಟಿ ಎಳೆಯಬೇಕಾಗಿ ಬಂದರೆ ಮಾರುವುದು. ಹಗ್ಗ ಬೀಳದಿದ್ದರೆ ಇಟ್ಟುಕೊಳ್ಳುವುದು. ಇನ್‌ಸ್ಪೆಕ್ಷನ್‌ಗೆ ತಾವೂ ಬರುವುದು.

ಹೀಗೆ ಚಳಿಗಾಲದ ಒಂದು ಭಾನುವಾರ, ಚಿತ್ರಾನ್ನದ ದೊಡ್ಡ ಡಬ್ಬಿ ಇಟ್ಟುಕೊಂಡು, ಗ್ರೇಟರ್ ನೋಯ್ಡಾ ದಾಟಿ ಯಮುನೆಯ ದಂಡೆಗೆ ಹೋದೆವು. ಅಲ್ಲಿ ಹತ್ತು ಹನ್ನೆರಡು ಜೀಪುಗಳು ನಿಂತಿದ್ದವು. ಅವುಗಳ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ. ನಮ್ಮದಕ್ಕೆ ಹಿಂದಿನ ಎರಡಕ್ಕೆ ಮಾತ್ರ. ಹುಡುಗರು ನಮ್ಮ ಗಾಡಿಯನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿ, ಆಂಟಿ, ಪಿಕ್ನಿಕ್ಕಾ ಎಂದು ಕೇಳಿದರು. ಗುಂಪಿನ ಮುಖ್ಯಸ್ಥರು ಹರಿಯಾಣದವರು, ಸೈನ್ಯದಿಂದ ನಿವೃತ್ತರಾದವರು, ದೊಡ್ಡ ಮೀಸೆ. ಅವರು ಮಾತ್ರ ನಗಲಿಲ್ಲ. ಮರಳಿಗೆ ಇಳಿಯುವ ಮೊದಲು ಎಲ್ಲ ಗಾಡಿಗಳ ಟೈರಿನಿಂದ ಅರ್ಧದಷ್ಟು ಗಾಳಿ ಇಳಿಸುವುದು ಅವರಲ್ಲಿ ಪದ್ಧತಿ. ಟೈರು ಮೆತ್ತಗಾದರೆ ಮರಳಿನ ಮೇಲೆ ಅಗಲವಾಗಿ ಕೂರುತ್ತದಂತೆ, ಹೂತುಹೋಗುವುದಿಲ್ಲವಂತೆ. ನಮ್ಮ ಗಾಡಿಯದನ್ನೂ ಅವರೇ ಇಳಿಸಿದರು. ಆಮೇಲೆ ದಾರಿ ತೋರಿಸಲು ನಮ್ಮನ್ನೆಲ್ಲ ನಡೆಸಿಕೊಂಡು ದೂರ ಹೋದರು. ಹಿಂತಿರುಗುವಾಗ ಅರ್ಧ ಗಂಟೆಯ ಮೇಲಾಗಿತ್ತು.

ಗಾಳಿ ಇಳಿಸುವಾಗ ಯಜಮಾನರು ಅಲ್ಲಿರಲಿಲ್ಲ. ಚಹಾ ಹುಡುಕಿಕೊಂಡು ಹೋಗಿದ್ದರು. ಅವರು ಬಂದಾಗ ನಾವಿರಲಿಲ್ಲ. ಡ್ರೈವಿಂಗ್ ಬಿಟ್ಟರೂ ನಮ್ಮ ಗಾಡಿಯ ಟೈರಿನ ಖಾತೆಯನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಎಲ್ಲಿ ನಿಂತರೂ ನಾಲ್ಕೂ ಟೈರನ್ನು ಅಂಗೈಯಿಂದ ಒತ್ತಿ ನೋಡುವುದು ಅಭ್ಯಾಸ. ಇಲ್ಲೂ ಒತ್ತಿ ನೋಡಿದ್ದಾರೆ. ನಾಲ್ಕೂ ಮೆತ್ತಗಿವೆ. ನನ್ನ ನಿರ್ಲಕ್ಷ್ಯಕ್ಕೆ ನನ್ನನ್ನು ಚೆನ್ನಾಗಿ ಬೈದುಕೊಂಡು, ಡಿಕ್ಕಿಯಿಂದ ಪಂಪು ತೆಗೆದು, ಬಾಗಿಲ ಮೇಲಿನ ಸ್ಟಿಕ್ಕರಿನಲ್ಲಿ ಬರೆದಷ್ಟೂ ಗಾಳಿಯನ್ನು ನಾಲ್ಕಕ್ಕೂ ತುಂಬಿಬಿಟ್ಟಿದ್ದಾರೆ.

ನನಗೇನು ಗೊತ್ತು? ಸೀಟ್ ಬೆಲ್ಟ್ ಕಟ್ಟಿಕೊಂಡು ಗಣಪತಿಯನ್ನು ನೆನೆದು ಮರಳಿಗೆ ಇಳಿಸಿದೆ. ಐವತ್ತು ಹೆಜ್ಜೆಯಷ್ಟು ಹೋಗಿರಬಹುದು, ಅಷ್ಟೆ. ಹಿಂದಿನ ಚಕ್ರ ಗಿರ್ರೆಂದು ತಿರುಗಿ ಗಾಡಿ ಕೂತಿತು. ನಾನು ಜೋರಾಗಿ ಒತ್ತಿದೆ, ಅದು ಇನ್ನೂ ಚೆನ್ನಾಗಿ ಕೂತಿತು. ಮುಖ್ಯಸ್ಥರು ಬಂದು ಟೈರನ್ನು ಒದ್ದು ನೋಡಿ, ಗಾಳಿ ತುಂಬಿದ್ದು ಯಾರು ಎಂದು ಕೇಳಿದರು. ಯಜಮಾನರು ಎದೆ ಸೆಟೆಸಿ, ತಾವೇ ಎಂದರು. ಆ ಮೀಸೆಯ ಮನುಷ್ಯ ಹಗ್ಗ ತರಲು ತಮ್ಮ ಜೀಪಿಗೆ ಹೋದರು.

ನನಗೆ ಮೈಯೆಲ್ಲ ಉರಿದುಹೋಯಿತು. ಷರತ್ತು ಗೆಲ್ಲುವುದಕ್ಕೆ ಬೇಕೆಂದೇ ಹೀಗೆ ಮಾಡಿದಿರಿ ಎಂದು ಹುಡುಗರ ಎದುರಿಗೇ ಕೂಗಾಡಿದೆ. ಕನ್ನಡವಾದ್ದರಿಂದ ಅವರಿಗೆ ತಿಳಿಯಲಿಲ್ಲ, ಆದರೆ ಗಂಡ ಹೆಂಡಿರ ಜಗಳಕ್ಕೆ ಭಾಷೆ ಯಾಕೆ ಬೇಕು.

ಯಜಮಾನರ ಮುಖ ಸಪ್ಪಗಾಯಿತು. "ನಿನ್ನ ಸೋಲಿಸೋಕೆ ನಾನು ಮಂಡಿಯೂರಿ ಗಾಳಿ ಹೊಡೀತೀನೇನೆ? ನಾಲ್ಕೂ ಟೈರು ಇಳಿದಿದ್ವು. ದಾರೀಲಿ ನಿಂಗೇನಾದ್ರೂ ಆದ್ರೆ ಅಂತ ಹೆದರಿಕೆ ಆಯ್ತು" ಎಂದರು. ಅಷ್ಟಕ್ಕೇ ಸುಮ್ಮನಿದ್ದರೆ ನಾನೂ ಕರಗುತ್ತಿದ್ದೆ. ಆದರೆ ಮುಂದುವರಿಸಿದರು. "ಹೋಗ್ಲಿ ಬಿಡು. ಹೇಗಿದ್ರೂ ಓಡಿಸೋರು ಇಲ್ಲದ ಗಾಡಿ."

ಆ ಮಾತು ಸರಿಯಾಗಿ ಎದೆಗೇ ಬಂದು ತಾಗಿತು. "ಓಡಿಸೋರು ಇಲ್ವಾ? ಎರಡು ವರ್ಷದಿಂದ ನಿಮ್ಮನ್ನ ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋಗಿ ಬರ್ತಿರೋಳು ಯಾರು ರೀ? ನಾನು ನಿಮ್ಮ ಲೆಕ್ಕಕ್ಕೇ ಇಲ್ವಾ?"

ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು. ನಾಚಿಕೆಯಾಗಿ ಸ್ಟಿಯರಿಂಗ್ ನೋಡುತ್ತ ಕೂತೆ. ಮುಖ್ಯಸ್ಥರು ಹಗ್ಗ ತಂದು, ಕೊಕ್ಕೆ ಸಿಕ್ಕಿಸಲು ಬಗ್ಗಿದರು. ಆಗ ಯಜಮಾನರು ಕೈ ಅಡ್ಡ ಹಿಡಿದು, ಒಂದು ನಿಮಿಷ ನಿಲ್ಲಿ ಎಂದು ತಮ್ಮ ಆಫೀಸಿನ ಹಿಂದಿಯಲ್ಲಿ ಹೇಳಿದರು. ಪ್ಯಾಂಟು ಕೊಳೆಯಾಗುವುದನ್ನೂ ನೋಡದೆ ಮರಳಿನಲ್ಲಿ ಮಂಡಿಯೂರಿದರು. ಒಂದು ಕಡ್ಡಿ ತೆಗೆದುಕೊಂಡು, ತಾವೇ ತುಂಬಿದ ಗಾಳಿಯನ್ನು ಒಂದೊಂದೇ ಟೈರಿನಿಂದ ಬಿಡತೊಡಗಿದರು. ಅಂಗೈಯಿಂದ ಒತ್ತಿ ನೋಡುವುದು, ಇನ್ನಷ್ಟು ಬಿಡುವುದು, ಮತ್ತೆ ಒತ್ತುವುದು. ಹುಡುಗರು ಸಲಿಕೆ ತಂದು ಚಕ್ರದ ಮುಂದಿನ ಮರಳು ತೆಗೆದರು.

"ಜೋರಾಗಿ ಒತ್ತಬೇಡ ಕಣೇ. ನಿಧಾನಕ್ಕೆ ತಗೋ" ಎಂದು ಯಜಮಾನರು ಕಿಟಕಿಯಲ್ಲಿ ಹೇಳಿ ಹಿಂದಕ್ಕೆ ಸರಿದರು.

ನಿಧಾನಕ್ಕೇ ತೆಗೆದುಕೊಂಡೆ. ಗಾಡಿ ಒಮ್ಮೆ ನರಳಿತು, ಒಮ್ಮೆ ತೂಗಿತು, ಆಮೇಲೆ ಮೆಲ್ಲಗೆ ಮೇಲೆದ್ದು ಹೊರಟಿತು. ನಿಲ್ಲಿಸಿದರೆ ಮತ್ತೆ ಹೂತುಹೋಗುತ್ತದೆ ಎಂದು ಹುಡುಗರು ಕೂಗುತ್ತಿದ್ದರು. ಗಟ್ಟಿ ನೆಲ ಸಿಗುವವರೆಗೆ ನಾನು ಹಿಂತಿರುಗಿ ನೋಡಲಿಲ್ಲ. ಯಜಮಾನರು ಚಪ್ಪಲಿ ಕೈಯಲ್ಲಿ ಹಿಡಿದು ಅಷ್ಟು ದೂರ ನಡೆದುಕೊಂಡೇ ಬಂದರು. ಬಂದವರು ಏದುಸಿರು ಬಿಡುತ್ತ, ಹಗ್ಗ ಬೀಳಲಿಲ್ಲ ಎಂದಷ್ಟೇ ಹೇಳಿ ಒಳಗೆ ಕೂತರು. ಉಳಿದ ದಾರಿಯಲ್ಲೂ ಹಗ್ಗ ಬೀಳಲಿಲ್ಲ. ಮಧ್ಯಾಹ್ನ ಮೀಸೆಯವರು ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡು, ಮುಂದಿನ ತಿಂಗಳೂ ಮೇಡಂ ಬರಲೇಬೇಕು ಎಂದರು. ಗಾಡಿ ಇದ್ದರೆ ನೋಡೋಣ ಎಂದೆ. ಯಜಮಾನರು ಷರತ್ತಿನಲ್ಲಿ ಏನಾದರೂ ಕೊಂಕು ತೆಗೆಯುತ್ತಾರೇನೋ ಎಂದು ನನಗೆ ಅನುಮಾನ ಇದ್ದೇ ಇತ್ತು.

ಮನೆಗೆ ಬರುವ ದಾರಿಯಲ್ಲಿ ಪೀತಮ್‌ಪುರದವನ ಫೋನು ಬಂತು. ಸಣ್ಣ ಅಕ್ಷರ ಕಾಣದೆ ತಡಕಾಡಿ ಯಜಮಾನರು ಸ್ಪೀಕರ್ ಒತ್ತಿದರು. ಗಾಡಿ ನೋಡಲು ಯಾವಾಗ ಬರಲಿ ಎಂದು ಅವನು ಕೇಳಿದ. ಇವರು, ಬರಬೇಡಿ, ಮಾರುವುದಿಲ್ಲ ಎಂದರು. ಅವನು ಬಿಡಬೇಕಲ್ಲ, ಓಡಿಸುವವರು ಯಾರೂ ಇಲ್ಲ ಎಂದು ನೀವೇ ಹೇಳಿದ್ದಿರಲ್ಲ ಎಂದ.

"ಗಲತ್ ಕಹಾ ಥಾ, ಭಾಯಿಸಾಬ್" ಎಂದರು ಯಜಮಾನರು. "ಮೇರಿ ವೈಫ್ ಚಲಾತೀ ಹೈ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ, ತಾನು ಹೇಳಿದ್ದು ತಪ್ಪು, ಗಾಡಿ ಓಡಿಸುವವಳು ಹೆಂಡತಿ ಎಂದು ಆ ಮನುಷ್ಯ ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದೂ ಹಿಂದಿಯಲ್ಲಿ, ಬೇರೆ ಯಾರಿಗೋ.