ಸಿದ್ಧಕಟ್ಟೆ ಎಂಬ ವಾಚು

ಮಕ್ಕಳೇ, ಮೊನ್ನೆ ಝೊಹರಾ ಬಂದು ಒಂದು ಕರವಸ್ತ್ರದ ಗಂಟನ್ನು ನನ್ನ ಮಡಿಲಲ್ಲಿಟ್ಟಾಗ ನಾನು ಅದರ ತುದಿ ಬಿಚ್ಚಿ ನೋಡಿ ತಟ್ಟನೆ ಎದ್ದು ಒಳಗೆ ಹೋದೆನಲ್ಲ, ಅಜ್ಜಿಗೆ ಏನಾಯ್ತು ಎಂದು ನೀವು ಕೇಳಿದಿರಿ. ಅತ್ತರಿನ ವಾಸನೆಗೆ ತಲೆ ತಿರುಗಿತು ಎಂದೆ. ಅದು ಸುಳ್ಳು. ಆ ಗಂಟಿನಲ್ಲಿ ಒಂದು ವಾಚು ಇತ್ತು. ಅದರ ಕಥೆ ಬಾಯಲ್ಲಿ ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ಓದುವಾಗ ನನ್ನ ಮುಖ ನೋಡಬೇಡಿ.

ನಿಮ್ಮ ಅಜ್ಜ ಬಿ.ಸಿ.ರೋಡಿನಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿದ್ದರು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಡಬೇಕು ಎಂದು ಬರೆಯುವುದು, ಒಂದು ನಿಮಿಷ ಹೆಚ್ಚು ನಿಂತ ಬಸ್ಸಿನ ಬೆನ್ನಿಗೆ ಬಡಿದು ಓಡಿಸುವುದು ಅವರ ಕೆಲಸ. ಅಂಥವರ ಎಡಗೈಯಲ್ಲಿ ಎರಡು ವಾಚು, ಬಲಗೈಯಲ್ಲಿ ಒಂದು. ಮೂರೂ ಡೂಪ್ಲಿಕೇಟ್, ಮೂರರಲ್ಲೂ ಬೇರೆ ಬೇರೆ ಟೈಮ್. ಬಸ್ಸು ಬಿಡುವಾಗ ಮಾತ್ರ ಎದುರಿನ ಹೋಟೆಲಿನ ಗೋಡೆ ಗಡಿಯಾರ ನೋಡುತ್ತಿದ್ದರು. "ವಾಚು ಇರುವುದು ಟೈಮ್ ನೋಡಲಿಕ್ಕೆ ಅಂತ ಯಾರು ಹೇಳಿದ್ದು?" ಎಂದು ನನ್ನನ್ನೇ ಕೇಳುವರು. ನಾನು ಏನು ಹೇಳಲಿ? ನಾನು ಸಿದ್ಧಕಟ್ಟೆಯ ಹತ್ತಿರ ಏಳನೆಯ ಕ್ಲಾಸು ಕಲಿತವಳು.

ಆ ವಾಚುಗಳೆಲ್ಲ ಬರುತ್ತಿದ್ದದ್ದು ನೆರೆಮನೆಯ ಹಮೀದಾಕ ಅವರಿಂದ. ಝೊಹರಾಳ ತಂದೆ. ದುಬಾಯಿಯಲ್ಲಿ ಒಬ್ಬ ಅರಬಿ ಧಣಿಯ ಮನೆಯಲ್ಲಿ ಡ್ರೈವರ್. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದಾಗ ಒಂದು ಬಿಸ್ಕತ್ತಿನ ಡಬ್ಬಿ ತುಂಬ ನಕಲಿ ವಾಚು ತಂದು ನಮ್ಮ ಜಗಲಿಯಲ್ಲಿಟ್ಟು, "ಅಕ್ಕ, ಶೀನಣ್ಣನಿಗೆ" ಎಂದು ನಿಮ್ಮ ಅಜ್ಜನ ಹೆಸರು ಕೂಗಿ ಹೋಗುವರು. ನಾನು ಬಾಗಿಲ ಹಿಂದಿನಿಂದ "ಹೂಂ" ಎನ್ನುವೆ. ನೆರೆಯಲ್ಲಿದ್ದ ಅಷ್ಟು ವರ್ಷ ಅವರೊಡನೆ ನಾನಾಡಿದ ಮಾತು ಹೆಚ್ಚುಕಡಿಮೆ ಅಷ್ಟೇ.

ಅಜ್ಜನಿಗೆ ಒಂದು ಹಟ ಇತ್ತು. ನಕಲಿ ವಾಚು ಕಟ್ಟುವುದಕ್ಕೆ ಅವರಿಗೆ ನಾಚಿಕೆಯಿಲ್ಲ; ಅದರ ಮೇಲೆ ದೊಡ್ಡ ಕಂಪೆನಿಯ ಹೆಸರಿರುವುದಕ್ಕೆ ನಾಚಿಕೆ. "ಬಡವರ ಮಗು ಬಡವರ ಹೆಸರು ಇಟ್ಟುಕೊಳ್ಳಲಿ. ಸುಳ್ಳು ಹೆಸರು ಹೇಳಿಕೊಂಡು ತಿರುಗುವುದು ಯಾಕೆ?" ಎಂದು ಡಯಲಿನ ಮೇಲಿನ ಹೆಸರನ್ನು ಕೆರೆದು ತೆಗೆಯುತ್ತಿದ್ದರು. ಒಂದರ ಮುಳ್ಳು ಇನ್ನೊಂದಕ್ಕೆ, ಇನ್ನೊಂದರ ಚೈನು ಮತ್ತೊಂದಕ್ಕೆ. ಕೊನೆಗೆ ಅದರ ಗುಣ ನೋಡಿ ನಮ್ಮ ಕಡೆಯ ಒಂದು ಊರಿನ ಹೆಸರು. ಒಂದು ವಾಚಿನ ಮುಳ್ಳು ಸಡಿಲ. ಆರರಿಂದ ಹನ್ನೆರಡಕ್ಕೆ ಏರುವಾಗ ಏದುಸಿರು, ಹನ್ನೆರಡರಿಂದ ಆರಕ್ಕೆ ಇಳಿಯುವಾಗ ಬ್ರೇಕಿಲ್ಲ. ಅದು ಘಾಟಿಯ ಊರು ಚಾರ್ಮಾಡಿ. ಒಂದು ನಡೆಯುತ್ತಲೇ ಇರಲಿಲ್ಲ, ಆದರೆ ನೋಡಲು ಬಹಳ ಗಂಭೀರ. ಅದು ಮೂಡುಬಿದಿರೆ. ಮೂಡುಬಿದಿರೆಯವರು ಬೇಸರ ಮಾಡಬಾರದು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು, "ಶೀನಣ್ಣ, ಈಗ ಯಾವ ಊರಿನ ಟೈಮಲ್ಲಿ ಬಿಡುವುದು ಮಾರಾಯ್ರೆ?" ಎಂದು ತಮಾಷೆ ಮಾಡುವರು.

ನಾವಿರುವ ಸಿದ್ಧಕಟ್ಟೆಯ ಹೆಸರನ್ನು ಮಾತ್ರ ಅವರು ಯಾವ ವಾಚಿಗೂ ಕೊಟ್ಟಿರಲಿಲ್ಲ. ಸರಿಯಾಗಿ ನಡೆಯುವ ಒಂದು ಸಿಗಲಿ ಎಂದು ಕಾಯುತ್ತಿದ್ದರು.

ಈಗ ನಿಮಗೆ ಗೊತ್ತಿಲ್ಲದ ಮಾತು. ಆ ಹೆಸರುಗಳನ್ನು ಬರೆಯುತ್ತಿದ್ದವಳು ನಾನು. ಬೀಡಿ ಕಟ್ಟಿದ ಬೆರಳು ನನ್ನದು. ಶಾಲೆಯಲ್ಲಿ ಕಾಪಿ ಬರೆದು ಒಂದು ಪೆನ್ಸಿಲ್ ಬಹುಮಾನ ಪಡೆದ ಕೈಯೂ ಹೌದು. ತಲೆಯಿಂದ ಒಂದೇ ಒಂದು ಕೂದಲು ಕಿತ್ತು, ತೆಂಗಿನ ಕಡ್ಡಿಯ ತುದಿಗೆ ಬೀಡಿಯ ನೂಲಿನಿಂದ ಕಟ್ಟಿ, ಬೀಡಿಯ ತಡ್ಪೆಯ, ಅಂದರೆ ಮೊರದ, ಮೇಲೆ ವಾಚು ಇಟ್ಟು, ಕೂದಲನ್ನು ಶಾಯಿಯಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಬರೆಯುತ್ತಿದ್ದೆ. ಹೆಂಗಸು ವಾಚು ಬಿಚ್ಚಿ ಕೂತುಕೊಳ್ತಾಳೆ ಎಂದರೆ ಊರು ನಗುತ್ತದೆ, ಯಾರಿಗೂ ಹೇಳಬೇಡಿ ಎಂದು ಅಜ್ಜನಿಂದ ಮಾತು ತೆಗೆದುಕೊಂಡಿದ್ದೆ.

ಝೊಹರಾಳ ಮದುವೆಯ ವಾರ ಹಮೀದಾಕ ಎಂದಿನಂತೆ ಡಬ್ಬಿ ತಂದಿಟ್ಟರು. "ಅಕ್ಕ, ಕರವಸ್ತ್ರದಲ್ಲಿ ಕಟ್ಟಿದ್ದು ನಮ್ಮ ಪುದಿಯಾಪ್ಳೆಗೆ. ಕೈ ಸಪೂರ, ಎರಡು ಕೊಂಡಿ ತೆಗೆದರೆ ಸಾಕು ಅಂತ ಹೇಳಿ." ಪುದಿಯಾಪ್ಳೆ ಎಂದರೆ ಮದುಮಗ, ಬೆಳ್ತಂಗಡಿಯವನು. ನಾನು "ಹೂಂ" ಎಂದೆ. ಅದು ಎಂಥ ವಾಚು ಎಂದು ಕೇಳಲಿಲ್ಲ. ಕೇಳಬೇಕಾದರೆ ಬಾಗಿಲಿನಿಂದ ಈಚೆ ಬರಬೇಕಿತ್ತಲ್ಲ.

ಅಜ್ಜ ಎರಡು ಕೊಂಡಿ ತೆಗೆದರು. ಸುಮ್ಮನೆ ಕಿವಿಗಿಟ್ಟು ಕೇಳಿದರು. ಮುಖ ಬದಲಾಯಿತು. ರೇಡಿಯೋ ವಾರ್ತೆಯ ಮೊದಲು ಬರುವ ಪೀಂ ಪೀಂ ಶಬ್ದಕ್ಕೆ ಮೂರು ದಿನ ಹೋಲಿಸಿದರು. ಎಳ್ಳಷ್ಟೂ ವ್ಯತ್ಯಾಸವಿಲ್ಲ.

"ಸಿಕ್ಕಿತು ಮಾರಾಯ್ತಿ! ಇದೇ ಸಿದ್ಧಕಟ್ಟೆ!"

"ಅವರು ಕೊಂಡಿ ಮಾತ್ರ ಹೇಳಿದ್ದು," ಎಂದೆ.

"ಝೊಹರಾ ನಮ್ಮ ಮನೆಯ ಮಗಳಲ್ವಾ? ಅವಳ ಗಂಡ ಸುಳ್ಳು ಹೆಸರಿನ ವಾಚು ಕಟ್ಟಿಕೊಂಡು ತಿರುಗಬೇಕಾ? ನಮ್ಮದೊಂದು ಉಡುಗೊರೆ ಆಗಲಿ, ಬರಿ."

ಬರೆದೆ. ಅವರು ಕಂಪೆನಿಯ ಹೆಸರು ಕೆರೆದ ಜಾಗದಲ್ಲೇ. ನನ್ನ ಜೀವಮಾನದಲ್ಲಿ ಅಷ್ಟು ಚಂದ ಬರೆದದ್ದಿಲ್ಲ. ಸಾಲು ಮಾತ್ರ ಒಂದು ಎಳ್ಳಿನಷ್ಟು ಬಲಕ್ಕೆ ವಾಲಿತು.

ಮದುವೆಯ ಮುನ್ನಾದಿನ ಹಮೀದಾಕ ಬಂದರು. ನಾನು ಬಾಗಿಲ ಹಿಂದೆ. ಕರವಸ್ತ್ರ ಬಿಚ್ಚಿದರು.

"ಶೀನಣ್ಣ, ಇದು ಡಬ್ಬಿಯ ಮಾಲು ಅಲ್ಲ. ನನ್ನ ಧಣಿ ತನ್ನ ಕೈಯಿಂದ ಬಿಚ್ಚಿ ಕೊಟ್ಟದ್ದು. ಒರಿಜಿನಲ್. ಗಂಡಿನ ಕಡೆಯವರಿಗೆ ಹೇಳಿಯೂ ಆಗಿದೆ."

"ಒರಿಜಿನಲಾ?" ಅಜ್ಜನ ಸ್ವರ ಸಣ್ಣದಾಯಿತು. "ಹಾಗಾದರೆ ಅದಕ್ಕೇ ಸರಿ ನಡೆದದ್ದು."

"ನಾಳೆ ಅಷ್ಟು ಜನರ ಎದುರು ನಾನು ಮುಖ ಎಲ್ಲಿಡುವುದು?"

"ಬದಲಿಗೆ ಚಾರ್ಮಾಡಿ ಕೊಡ್ಲಾ ಹಮೀದಾಕ? ಹೊಳಪು ಉಂಟು."

"ಚಾರ್ಮಾಡಿ ಕಟ್ಟಿಕೊಂಡರೆ ಪುದಿಯಾಪ್ಳೆ ಮದುವೆಗೆ ಮುಟ್ಟಲಿಕ್ಕುಂಟಾ?" ಎಂದ ಹಮೀದಾಕ ನಗಲಿಲ್ಲ. ಆಮೇಲೆ ಕೇಳಿದರು, "ಈ ಅಕ್ಷರ ಬರೆದದ್ದು ಯಾರು?"

ಬಾಗಿಲ ಚಿಲಕ ನನ್ನ ಕೈಯಲ್ಲೇ ಇತ್ತು. ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು.

"ನಾನೇ," ಎಂದರು ಅಜ್ಜ.

ಒಂದು ವಾಚಿನ ಮೇಲೆ ಸುಳ್ಳು ಹೆಸರು ಸಹಿಸದ ಮನುಷ್ಯ ನನ್ನ ಅಕ್ಷರಕ್ಕೆ ತನ್ನ ಹೆಸರು ಹೇಳಿದರು. ನಾನು ಹೇಳಲು ಬಿಟ್ಟೆ.

ಮರುದಿನ ಮದುವೆಯ ಊಟದ ಹೊತ್ತಿಗೆ ನಾನು ತಟ್ಟೆ ಬದಿಗಿಟ್ಟೆ. ಹೆಂಗಸರ ಕಡೆಯಿಂದ ಪರದೆ ಸರಿಸಿ ನೋಡುತ್ತಿದ್ದೆ. ಗಂಡಿನ ದೊಡ್ಡಪ್ಪ ಕನ್ನಡಕ ಏರಿಸಿ ಮದುಮಗನ ಕೈ ಹಿಡಿದು, "ಇದು ಯಾವ ಕಂಪೆನಿ?" ಎಂದರು. ಹಮೀದಾಕ ನೆಲ ನೋಡಿದರು. ಅಜ್ಜ ಬಿರಿಯಾನಿಯಲ್ಲಿ ಏನನ್ನೋ ಹುಡುಕತೊಡಗಿದರು. ಆ ಪುಣ್ಯಾತ್ಮ ಮದುಮಗ ಮಾತ್ರ ಓದಿ, ಎದೆಯುಬ್ಬಿಸಿ ಹೇಳಿದ: "ಕಂಪೆನಿ ದೊಡ್ಡದೇ ದೊಡ್ಡಪ್ಪ. ಮಾವ ಅಲ್ಲಿಗೇ ಆರ್ಡರ್ ಕೊಟ್ಟು ಹುಡುಗಿಯ ಊರಿನ ಹೆಸರು ಹಾಕಿಸಿದ್ದಾರೆ."

ಆಮೇಲೆ ಆ ಕೈ ಪಂಕ್ತಿಯ ಉದ್ದಕ್ಕೂ ಮೆರವಣಿಗೆ ಹೋಯಿತು. ನಾನು ಮಾತ್ರ ದೂರದಿಂದ ಆ ವಾಲಿದ ಸಾಲನ್ನೇ ನೋಡುತ್ತಿದ್ದೆ; ಇಡೀ ಮದುವೆ ಮಂಟಪವೇ ಬಲಕ್ಕೆ ವಾಲಿದಂತೆ ಕಾಣುತ್ತಿತ್ತು. ತಿಂಗಳೊಳಗೆ ಬೆಳ್ತಂಗಡಿಯ ಇಬ್ಬರು ಹಮೀದಾಕರ ಬಳಿ ಬಂದು, ತಮ್ಮ ಊರಿನ ಹೆಸರು ಹಾಕಿಸಲು ಆ ಕಂಪೆನಿಯ ವಿಳಾಸ ಕೇಳಿದರಂತೆ. ಹಮೀದಾಕ ಬಂದು ಅದನ್ನು ಹೇಳಿ ನಕ್ಕ ದಿನ ನಮ್ಮ ಮನೆಯಲ್ಲಿ ಮತ್ತೆ ಚಹಾ ಕುಡಿದರು. ಅಕ್ಷರ ಚಂದ ಉಂಟು ಎಂದು ಅಜ್ಜನನ್ನು ಹೊಗಳಿದರು. ಅಜ್ಜ ಬಾಗಿಲ ಕಡೆ ನೋಡಿ ಕೆಮ್ಮಿದರು.

ಅಜ್ಜ, ಹಮೀದಾಕ ಇಬ್ಬರೂ ಈಗಿಲ್ಲ. ಮೊನ್ನೆಯ ಗಂಟಿನಲ್ಲಿದ್ದದ್ದು ಆ ವಾಚೇ. ನಾನು ಒಳಗೆ ಹೋದ ಮೇಲೆ ನೀವು ಮೊಬೈಲಿಗೆ ತಲೆ ಹಾಕಿದಿರಿ. ಮುಂದಿನದ್ದು ನಿಮಗೆ ಗೊತ್ತಿಲ್ಲ. ಝೊಹರಾ ಬಾಗಿಲಿನಾಚೆ ನಿಂತು, ಅವಳ ತಂದೆ ನಿಲ್ಲುತ್ತಿದ್ದ ಜಾಗದಲ್ಲೇ, ಹೇಳಿದಳು: "ದೊಡ್ಡಮ್ಮ, ಅಕ್ಷರ ಮಾಸಿ ಹೋಗಿದೆ. ನಮ್ಮ ಮನೆಯವರು ಬೇರೆಯವರ ಕೈಯಲ್ಲಿ ಕೊಡ್ಲಿಕ್ಕೆ ಒಪ್ಪುವುದಿಲ್ಲ. ನೀವೇ ಬರೆದುಕೊಡಬೇಕು."

"ನಾನಾ? ಅದು ನಿನ್ನ ದೊಡ್ಡಪ್ಪ ಬರೆದದ್ದಲ್ವಾ?"

ಅವಳು ಕಿಲಕಿಲ ನಕ್ಕಳು. "ಶೀನಪ್ಪ ದೊಡ್ಡಪ್ಪ ಬರೆದ ಬಸ್ಸಿನ ಚೀಟಿ ಬಿ.ಸಿ.ರೋಡಲ್ಲಿ ಯಾರು ನೋಡಿಲ್ಲ? ಕೋಳಿ ಕೆದಕಿದ ಹಾಗೆ! ಅಪ್ಪನಿಗೆ ಆವತ್ತೇ ಗೊತ್ತಾಗಿತ್ತು. ಬಾಗಿಲ ಕೆಳಗೆ ನಿಮ್ಮ ಕಾಲು ಕಾಣ್ತಿತ್ತಂತೆ, ನಡುಗ್ತಿತ್ತಂತೆ. ಅದಕ್ಕೇ ಮತ್ತೆ ಕೇಳಲಿಲ್ಲ ಅಂತಿದ್ರು."

ನಾನು ಸ್ವಲ್ಪ ಹೊತ್ತು ನನ್ನ ಕಾಲನ್ನೇ ನೋಡಿಕೊಂಡೆ. ಆಮೇಲೆ ಚಿಲಕ ಬಿಟ್ಟು ಜಗಲಿಗೆ ಬಂದು, ಅವಳ ಎದುರೇ ಕುಳಿತೆ. ತಲೆಯಿಂದ ಒಂದು ಕೂದಲು ಕಿತ್ತೆ. ಬಿಳಿಯದು, ಆದರೂ ಗಟ್ಟಿ ಇತ್ತು.

"ಹೌದು, ನಾನೇ ಬರೆದದ್ದು," ಎಂದೆ. "ಆವತ್ತು ಸಾಲು ಸ್ವಲ್ಪ ಬಲಕ್ಕೆ ವಾಲಿತ್ತು. ಈ ಸಲ ನೇರ ಬರೆಯುತ್ತೇನೆ."